ಕೂಸಿನ ಕಾಮಾಲೆ ಎರಡು ವಾರ ದಾಟಿದರೆ: ಪಿತ್ತನಾಳದ ಕಾಯಿಲೆಯನ್ನು ಬೇಗ ಹಿಡಿಯುವ ಬಗೆ

“ಮಗುವಿಗೆ ತಿಂಗಳು ತುಂಬಿತು, ಕಣ್ಣು ಇನ್ನೂ ಹಳದಿ. ಆದರೆ ಹಾಲು ಚೆನ್ನಾಗಿ ಕುಡಿಯುತ್ತೆ, ತೂಕವೂ ಏರ್ತಾ ಇದೆ. ಇನ್ನೊಂದಷ್ಟು ದಿನ ಕಾಯಬಹುದಾ?” ಓದುಗರು ತಿರುತಿರುಗಿ ಕೇಳುವ ಪ್ರಶ್ನೆ ಇದು. ಉತ್ತರ ಚಿಕ್ಕದು: ಕಾಯಬೇಡಿ. ಹುಟ್ಟಿ 14 ದಿನ ಕಳೆದರೂ ಕಾಮಾಲೆ ಉಳಿದಿದ್ದರೆ ಒಂದು ರಕ್ತಪರೀಕ್ಷೆ ಆಗಬೇಕು. ಕಕ್ಕ ಬಿಳಿಚಿಕೊಂಡಿದ್ದರೆ 14 ದಿನವನ್ನೂ ಕಾಯುವಂತಿಲ್ಲ, ಅವತ್ತೇ ಹೊರಡಬೇಕು.

ಹಾಗೆಂದು ಗಾಬರಿಪಡುವ ಕಾರಣವಿಲ್ಲ. ಎರಡು ವಾರ ದಾಟಿದ ಕಾಮಾಲೆಯಲ್ಲಿ ಬಹುಪಾಲು ತಾಯಿಹಾಲಿಗೆ ಸಂಬಂಧಿಸಿದ, ತಾನಾಗಿ ಇಳಿಯುವ ಕಾಮಾಲೆಯೇ. ಆದರೆ ಆ ಗುಂಪಿನ ನಡುವೆ ಅಪರೂಪಕ್ಕೊಂದು ಮಗುವಿಗೆ ಬೇರೆಯೇ ಕಾಯಿಲೆ ಇರುತ್ತದೆ. ಅದರ ಹೆಸರು ಬಿಲಿಯರಿ ಅಟ್ರೀಸಿಯಾ, ಅಂದರೆ ಪಿತ್ತನಾಳ ಮುಚ್ಚಿಹೋಗುವ ಕಾಯಿಲೆ. ಲಿವರ್‌ನಲ್ಲಿ ತಯಾರಾದ ಪಿತ್ತರಸವನ್ನು ಕರುಳಿಗೆ ಸಾಗಿಸುವ ನಾಳ ಉರಿಯೂತದಿಂದ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಹೊರಹೋಗಲಾರದ ಪಿತ್ತ ಲಿವರ್‌ನಲ್ಲೇ ನಿಂತು ಅದನ್ನು ಹಾಳು ಮಾಡುತ್ತಾ ಹೋಗುತ್ತದೆ. ಯುರೋಪ್, ಅಮೆರಿಕಗಳಲ್ಲಿ ಸುಮಾರು 15ರಿಂದ 20 ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಇದು ಬರುತ್ತದೆ, ತೈವಾನ್‌ನಲ್ಲಿ ಅದರ ಎರಡು ಮೂರು ಪಟ್ಟು. ಚಿಕಿತ್ಸೆ ಇಲ್ಲದಿದ್ದರೆ ಇಂಥ ಮಕ್ಕಳಲ್ಲಿ ಹೆಚ್ಚಿನವರು ಎರಡು ವರ್ಷ ದಾಟುವುದಿಲ್ಲ.

ಮೋಸ ಇರುವುದು ಇಲ್ಲೇ. ಮೊದಲ ಎರಡು ತಿಂಗಳು ಈ ಮಗು ಕಾಯಿಲೆಯ ಮಗುವಿನಂತೆ ಕಾಣುವುದೇ ಇಲ್ಲ. ಗುಂಡಗುಂಡಗೆ ಇರುತ್ತದೆ, ನಗುತ್ತದೆ, ಹಾಲಿಗೆ ಅಳುತ್ತದೆ. “ಮಗು ಚೆನ್ನಾಗಿದೆಯಲ್ಲ” ಎಂಬ ಒಂದು ಮಾತಿಗೆ ವಾರಗಳು ಜಾರಿಹೋಗುತ್ತವೆ. ಮುಚ್ಚಿದ ನಾಳಕ್ಕೆ ಬದಲಾಗಿ ಪಿತ್ತಕ್ಕೆ ಹೊಸ ದಾರಿ ಮಾಡಿಕೊಡುವ ಶಸ್ತ್ರಚಿಕಿತ್ಸೆ ಚೆನ್ನಾಗಿ ಫಲ ಕೊಡುವುದು 60 ದಿನದೊಳಗೆ ಆದರೆ, 30–45 ದಿನದೊಳಗೆ ಆದರೆ ಇನ್ನೂ ಉತ್ತಮ.

ಒಂದು ವಿಷಯ ಮೊದಲೇ ಇತ್ಯರ್ಥವಾಗಲಿ. ಬಾಣಂತಿ ತಿಂದದ್ದು, ಬಿಟ್ಟದ್ದು, ಗ್ರಹಣದಲ್ಲಿ ಹೊರಗೆ ಬಂದದ್ದು ಇದಕ್ಕೆ ಕಾರಣವಲ್ಲ. ವಂಶದಲ್ಲಿ ಹರಿದು ಬರುವ ಕಾಯಿಲೆಯೂ ಇದಲ್ಲ. ತಾಯಿಯ ಮೇಲೆ ಬೊಟ್ಟು ಮಾಡಿ ಮಾತಾಡುವ ಹೊತ್ತಿನಲ್ಲಿ ಲ್ಯಾಬಿಗೆ ಹೋಗಿ ಬರಬಹುದು.

ಬೇಕಾಗುವ ಸಾಮಾನು

ಗೋಡೆ ಕ್ಯಾಲೆಂಡರ್ ಒಂದು, ಪೆನ್ನು, ಬಣ್ಣ ಹೋಗದ ಬಿಳಿ ಹತ್ತಿ ಬಟ್ಟೆಯ ನಾಲ್ಕೈದು ತುಂಡು, ಹಗಲು ಬೆಳಕು ಬೀಳುವ ಕಿಟಕಿ. ತಾಯಿ ಕಾರ್ಡ್ ಮತ್ತು ಹೆರಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯನ್ನು ಒಂದೇ ಕವರಿನಲ್ಲಿ ಇಟ್ಟುಕೊಳ್ಳಿ. ಮನೆಯಲ್ಲಿ ಮಾಡುವ ಕೆಲಸಕ್ಕೆ ಇಷ್ಟು ಸಾಕು.

ಹಂತ 1: ದಿನ ಎಣಿಸಿಡಿ

ಹುಟ್ಟಿದ ದಿನವನ್ನು ಸೊನ್ನೆ ಎಂದು ಹಿಡಿದು ಕ್ಯಾಲೆಂಡರಿನಲ್ಲಿ 14, 21, 28, 42 ಮತ್ತು 60ನೇ ದಿನಗಳಿಗೆ ಸುತ್ತು ಹಾಕಿ. ಇದರಲ್ಲಿ ಮೊದಲ ನಾಲ್ಕು ದಿನ ಆಶಾ ಕಾರ್ಯಕರ್ತೆ ಮನೆಗೆ ಬಂದು ಕೂಸನ್ನು ನೋಡುವ ದಿನಗಳೂ ಹೌದು. ಬಾಣಂತಿ ತವರಿನಲ್ಲಿದ್ದರೆ ಗಂಡನ ಮನೆಯ ಊರಿನ ಆಶಾ ಅಲ್ಲಿಗೆ ಬರುವುದಿಲ್ಲ. ತವರೂರಿನ ಆಶಾಗೆ ನೀವೇ ಹೇಳಿ ಹೆಸರು ಬರೆಸಬೇಕು. ಭೇಟಿ ತಪ್ಪುವುದು ಹೆಚ್ಚಾಗಿ ಇದೇ ಕಾರಣಕ್ಕೆ.

ಆರು ವಾರದ ಲಸಿಕೆಗೆ ಹೋದಾಗ ಕೇಳಿದರಾಯಿತು ಎಂದು ಹಲವರು ಬಿಟ್ಟುಬಿಡುತ್ತಾರೆ. ಲೆಕ್ಕ ಹಾಕಿ: ಆರು ವಾರವೆಂದರೆ 42ನೇ ದಿನ. 60ಕ್ಕೆ ಉಳಿಯುವುದು 18 ದಿನ. ಅಷ್ಟರಲ್ಲಿ ರಕ್ತಪರೀಕ್ಷೆ, ದೊಡ್ಡ ಊರಿಗೆ ಪ್ರಯಾಣ, ಸ್ಕ್ಯಾನು, ಬಯಾಪ್ಸಿ, ಹಣಕಾಸಿನ ವ್ಯವಸ್ಥೆ, ಆಪರೇಷನ್ ಥಿಯೇಟರಿನ ಸರದಿ ಎಲ್ಲವೂ ಮುಗಿಯಬೇಕು.

ಹಂತ 2: ಕಣ್ಣು ನೋಡಿ, ಮೈಬಣ್ಣ ನಂಬಬೇಡಿ

ನಮ್ಮ ಮಕ್ಕಳ ಗೋಧಿ ಬಣ್ಣ, ಕಪ್ಪು ಬಣ್ಣದ ಚರ್ಮದ ಮೇಲೆ ತಿಳಿ ಕಾಮಾಲೆ ಗೊತ್ತಾಗುವುದಿಲ್ಲ. ಅದರ ಮೇಲೆ ಅರಿಸಿನ ಹಚ್ಚಿ ಎರೆದಿದ್ದರೆ ಕೇಳುವುದೇ ಬೇಡ. ಬಾಣಂತಿ ಕೋಣೆಗೆ ಕಿಟಕಿ ಮುಚ್ಚಿರುತ್ತಾರೆ, ಹಳದಿ ಬಲ್ಬು ಉರಿಯುತ್ತಿರುತ್ತದೆ. ಆ ಬೆಳಕಿನಲ್ಲಿ ಎಲ್ಲ ಮಕ್ಕಳೂ ಒಂದೇ ಥರ ಕಾಣುತ್ತಾರೆ.

ಕೂಸನ್ನು ಹಗಲಲ್ಲಿ ಕಿಟಕಿಯ ಹತ್ತಿರ ತನ್ನಿ, ಬಿಸಿಲು ಕಣ್ಣಿಗೆ ನೇರ ಬೀಳದಿರಲಿ. ಅದು ತಾನಾಗಿ ಕಣ್ಣು ಬಿಟ್ಟಾಗ ಬಿಳಿ ಗುಡ್ಡೆ ನೋಡಿ. ವಸಡನ್ನೂ ನೋಡಿ. ಹಣೆಯನ್ನೋ ಎದೆಯನ್ನೋ ಬೆರಳಿನಿಂದ ಮೆತ್ತಗೆ ಒತ್ತಿ ತೆಗೆದರೆ ಒತ್ತಿದ ಜಾಗ ಒಂದು ಕ್ಷಣ ಬಿಳುಚುತ್ತದೆ. ಬಿಳುಚುವ ಬದಲು ಹಳದಿ ಕಂಡರೆ ಕಾಮಾಲೆ ಇದೆ.

ಎಷ್ಟು ಹಳದಿ ಎಂಬುದಕ್ಕೆ ಇಲ್ಲಿ ಬೆಲೆಯಿಲ್ಲ. ಪಿತ್ತನಾಳ ಮುಚ್ಚಿದ ಮಗುವಿನ ಕಾಮಾಲೆ ಅನೇಕ ಸಲ ತೆಳುವಾಗಿಯೇ ಇರುತ್ತದೆ. ಮೊದಲ ವಾರದ ಮಾಮೂಲಿ ಕಾಮಾಲೆ ಇದಕ್ಕಿಂತ ಗಾಢವಾಗಿದ್ದು ಆಮೇಲೆ ಇಳಿದಿರುತ್ತದೆ. “ಮೊದಲಿಗಿಂತ ಕಮ್ಮಿಯಾಗಿದೆ” ಎಂದು ಮನೆಯವರು ಸಮಾಧಾನ ಪಡುವುದು ಹೀಗೆ. ಎರಡು ವಾರದ ಮೇಲೆ ಕೇಳಬೇಕಾದ್ದು ಕಮ್ಮಿಯಾಗಿದೆಯಾ ಎಂದಲ್ಲ, ಪೂರ್ತಿ ಹೋಗಿದೆಯಾ ಎಂದು.

ಹಂತ 3: ಬಟ್ಟೆಯ ಮೇಲಿನ ಕಲೆ ನೋಡಿ

ಹಳೆಯ ಕೆಂಪು ರಕ್ತಕಣ ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಹುಟ್ಟಿದಾಗ ಅದು ನೀರಿನಲ್ಲಿ ಕರಗುವುದಿಲ್ಲ. ಲಿವರ್ ಅದನ್ನು ನೀರಿನಲ್ಲಿ ಕರಗುವಂತೆ ಮಾರ್ಪಡಿಸಿ ಪಿತ್ತದ ಜೊತೆ ಕರುಳಿಗೆ ಕಳಿಸುತ್ತದೆ. ಕಕ್ಕಕ್ಕೆ ಬಣ್ಣ ಬರುವುದು ಅದರಿಂದಲೇ. ತಾಯಿಹಾಲಿನ ಕಾಮಾಲೆಯಲ್ಲಿ ರಕ್ತದಲ್ಲಿ ನಿಂತಿರುವುದು ಕರಗದ ಬಗೆ. ಅದು ಮೂತ್ರಕ್ಕೆ ಇಳಿಯಲಾರದು. ಹಾಗಾಗಿ ಕಣ್ಣು ಹಳದಿಯಿದ್ದರೂ ಮೂತ್ರ ನೀರಿನಂತೆ, ಕಕ್ಕ ಅರಿಸಿನದಂತೆ. ಪಿತ್ತನಾಳ ಮುಚ್ಚಿದಾಗ ಲೆಕ್ಕ ತಿರುಗುಮುರುಗು. ಕರಗುವ ಬಗೆ ಕರುಳಿಗೆ ಹೋಗಲಾರದೆ ರಕ್ತಕ್ಕೆ ಮರಳಿ ಮೂತ್ರದಲ್ಲಿ ಹೊರಬೀಳುತ್ತದೆ. ಮೂತ್ರ ಹಳದಿ, ಕಕ್ಕ ಬಿಳಿ. ಇದೊಂದನ್ನು ಅರ್ಥ ಮಾಡಿಕೊಂಡರೆ ಮುಂದಿನದೆಲ್ಲ ಸಲೀಸು.

ಎಳೆ ಕೂಸಿನ ಮೂತ್ರ ಬಟ್ಟೆಯ ಮೇಲೆ ಒಣಗಿದಾಗ ಕಲೆ ಉಳಿಯಬಾರದು. ಬಿಳಿ ಬಟ್ಟೆ ಕಟ್ಟಿ, ಒದ್ದೆಯಾದ ಕೂಡಲೇ ಬಿಚ್ಚಿ, ನೆರಳಿನಲ್ಲಿ ಒಣಗಿಸಿ ನೋಡಿ. ಮೂತ್ರ ಬಿದ್ದ ಕಡೆ ಹಳದಿ ಕಲೆ ಮೂಡಿದರೆ, ಅದೂ ದಿನವೂ ಹಾಗೇ ಆದರೆ, ಸಂಶಯಪಡಬೇಕು. ಡೈಪರ್ ಹಾಕುವ ಮನೆಗಳಲ್ಲಿ ಈ ಗುರುತು ಸಿಗುವುದೇ ಇಲ್ಲ, ಜೆಲ್ ಎಲ್ಲವನ್ನೂ ನುಂಗುತ್ತದೆ. ದಿನಕ್ಕೊಂದು ಸಲ ಡೈಪರಿನೊಳಗೆ ಬಿಳಿ ಬಟ್ಟೆಯ ತುಂಡನ್ನೋ ಹತ್ತಿಯನ್ನೋ ಇಟ್ಟು ನೋಡಿ.

ಎರಡು ಸುಳ್ಳು ಗುರುತುಗಳು ಗೊತ್ತಿರಲಿ. ಮೊದಲ ಎರಡು ಮೂರು ದಿನ ಹಾಲು ಇನ್ನೂ ಸರಿಯಾಗಿ ಬಾರದಿದ್ದಾಗ ಬಟ್ಟೆಯ ಮೇಲೆ ಇಟ್ಟಿಗೆ ಪುಡಿಯಂಥ ಕಿತ್ತಳೆ ಕಲೆ ಕಾಣಬಹುದು. ಅದು ಯೂರಿಕ್ ಆಮ್ಲದ ಹರಳು, ಪಿತ್ತವಲ್ಲ. ಇನ್ನೊಂದು, ಬಿ-ವಿಟಮಿನ್ ಇರುವ ಮಲ್ಟಿವಿಟಮಿನ್ ಹನಿ ಕೊಡುತ್ತಿದ್ದರೆ ಮೂತ್ರ ಹಳದಿಯಾಗಬಹುದು. ಆದರೆ ಕಾಮಾಲೆಯೂ ಇದ್ದರೆ ಎಲ್ಲವನ್ನೂ ಹನಿಯ ತಲೆಗೆ ಕಟ್ಟಬೇಡಿ, ಪರೀಕ್ಷೆ ಮಾಡಿಸಿ.

ಹಂತ 4: ಕಕ್ಕದ ಬಣ್ಣ ನೋಡಿ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಮೊದಲ ಎರಡು ಮೂರು ದಿನದ ಅಂಟಂಟು ಕರಿ ಮಲವನ್ನು ಬಿಟ್ಟುಬಿಡಿ. ಆಮೇಲೆ ಬರುವ ಅರಿಸಿನ ಹಳದಿ, ಸಾಸಿವೆ ಅರೆದಂಥ ಹಳದಿ, ಕಿತ್ತಳೆ, ಹಸಿರು, ಕಂದು ಎಲ್ಲವೂ ಸರಿಯೇ. ಹಸಿರು ಕಕ್ಕ ಕಂಡು ಶೀತ ಆಗಿದೆ ಎಂದು ಮನೆಯಲ್ಲಿ ದೊಡ್ಡ ಚರ್ಚೆ ನಡೆಯುತ್ತದೆ. ಪಿತ್ತನಾಳದ ಮಟ್ಟಿಗೆ ಹಸಿರು ಶುಭಸುದ್ದಿ, ಪಿತ್ತ ಇಳಿಯುತ್ತಿದೆ ಎಂದರ್ಥ. ಹಳದಿ ಕಕ್ಕದ ನಡುವೆ ಮೊಸರಿನ ಚೂರಿನಂತೆ ಬಿಳಿ ಕಾಳು ಕಂಡರೂ ಚಿಂತೆಯಿಲ್ಲ, ಅದು ಜೀರ್ಣವಾಗದ ಹಾಲು.

ಸರಿಯಲ್ಲದ್ದು ಇವು: ಸುಣ್ಣದ ಬಿಳುಪು, ಅಕ್ಕಿ ಹಿಟ್ಟಿನ ಬಿಳುಪು, ವಿಭೂತಿಯ ಬೂದು, ಒಣ ಜೇಡಿಮಣ್ಣಿನ ಬಣ್ಣ. ಇವನ್ನು ಯಾರಾದರೂ ಗುರುತಿಸುತ್ತಾರೆ. ತಪ್ಪುವುದು ಇನ್ನೊಂದು ಬಣ್ಣದಲ್ಲಿ. ಅದು ಬೆಣ್ಣೆಯ ಬಣ್ಣ, ಕಾಯಿಸಿದ ಹಾಲಿನ ಕೆನೆಯ ಬಣ್ಣ. “ಹಳದಿಯಾಗೇ ಇದೆ ಡಾಕ್ಟ್ರೇ” ಎಂದು ಮನೆಯವರು ಹೇಳುವ ಕಕ್ಕಗಳಲ್ಲಿ ಇಂಥವೂ ಇರುತ್ತವೆ. ಕೇಳುವಾಗ ಹಳದಿಯೇ ಎಂದು ಕೇಳಬೇಡಿ. ಅರಿಸಿನದ ಹಾಗಿದೆಯಾ, ಬೆಣ್ಣೆಯ ಹಾಗಿದೆಯಾ ಎಂದು ಕೇಳಿ.

ನೋಡುವ ಕ್ರಮ ಹೀಗಿರಲಿ. ಕಕ್ಕದ ಬಟ್ಟೆಯನ್ನು ಕಿಟಕಿಯ ಹತ್ತಿರ ಹಿಡಿಯಿರಿ. ಮೇಲ್ಮೈ ಮಾತ್ರ ನೋಡಿ ಬಿಡಬೇಡಿ; ಕಡ್ಡಿಯಿಂದಲೋ ಹತ್ತಿ ಸುತ್ತಿದ ಬೆರಳಿನಿಂದಲೋ ಬಿಡಿಸಿ ಒಳಗೆ ನೋಡಿ. ಕಾಮಾಲೆಯ ಮಗುವಿನ ಕರುಳಿನ ಒಳಪದರದಿಂದ ಉದುರುವ ಕಣಗಳಲ್ಲೂ ಹಳದಿ ಇರುತ್ತದೆ, ಪಕ್ಕದಲ್ಲೇ ಹಳದಿ ಮೂತ್ರವೂ ತಾಗುತ್ತದೆ. ಹಾಗಾಗಿ ಮೇಲೆ ತೆಳ್ಳಗೆ ಹಳದಿ ಲೇಪವಿದ್ದು ಒಳಗೆ ಬಿಳಿಯಾಗಿರಬಹುದು. ಒಂದೇ ಸಲದ್ದನ್ನು ನೋಡಿ ತೀರ್ಮಾನಿಸದೆ ಬೆನ್ನುಬೆನ್ನಿಗೆ ಮೂರು ಸಲದ್ದನ್ನು ನೋಡಿ ಕ್ಯಾಲೆಂಡರಿನಲ್ಲಿ ಬಣ್ಣ ಬರೆದಿಡಿ. ತಾಯಿಹಾಲಿನ ಮಗು ಎರಡು ಮೂರು ದಿನ ಕಕ್ಕ ಮಾಡದಿರುವುದುಂಟು, ಆಗ ಮುಂದಿನದಕ್ಕೆ ಕಾಯಿರಿ. ಆದರೆ ಸುಣ್ಣದ ಬಿಳುಪು ಒಂದೇ ಸಲ ಕಂಡರೂ ಮೂರರ ಲೆಕ್ಕ ಬೇಡ.

ಫೋಟೋ ತೆಗೆದು ಕಳಿಸುವವರಿಗೆ ಎರಡು ಮಾತು. ಮೊಬೈಲ್ ಕ್ಯಾಮರಾ ಬೆಳಕಿಗೆ ತಕ್ಕಂತೆ ಬಣ್ಣವನ್ನು ತಾನೇ ತಿದ್ದುತ್ತದೆ. ನೋಡುವವರ ಫೋನಿನಲ್ಲಿ ರಾತ್ರಿಯ ಹಳದಿ ಪರದೆ ಹಾಕಿದ್ದರೆ ಬಿಳಿಯೂ ಹಳದಿಯಾಗುತ್ತದೆ. ಹಗಲಲ್ಲಿ, ಫ್ಲಾಶ್ ಇಲ್ಲದೆ, ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಟ್ಟು ತೆಗೆಯಿರಿ. ಆಸ್ಪತ್ರೆಗೆ ಹೋಗುವಾಗ ಫೋಟೋದ ಜೊತೆ ಬಟ್ಟೆಯನ್ನೂ ಕವರಿನಲ್ಲಿ ಕಟ್ಟಿಕೊಂಡು ಹೋಗಿ. ನಾಚಿಕೆ ಬೇಡ, ವೈದ್ಯರಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು.

ಹುಟ್ಟಿದ ಮೊದಲ ದಿನಗಳಲ್ಲಿ ಹಳದಿಯಾಗಿದ್ದ ಕಕ್ಕ ಆಮೇಲೆ ಬಿಳಿಚಬಹುದು, ಏಕೆಂದರೆ ನಾಳ ಮುಚ್ಚುತ್ತಾ ಹೋಗುತ್ತದೆ. ಎರಡನೇ ವಾರದಲ್ಲಿ ಸರಿಯಿತ್ತು ಎಂಬುದು ಐದನೇ ವಾರಕ್ಕೆ ಗ್ಯಾರಂಟಿಯಲ್ಲ. ಬಟ್ಟೆ ಒಗೆಯುವ ಅಜ್ಜಿಯನ್ನೋ ಚಿಕ್ಕಮ್ಮನನ್ನೋ ಈ ಕೆಲಸಕ್ಕೆ ಹಚ್ಚಿ. ದಿನವೂ ನೋಡುವವರಿಗೆ ಬಣ್ಣದ ಬದಲಾವಣೆ ಮೊದಲು ಗೊತ್ತಾಗುತ್ತದೆ.

ಇದು ಮನೆಮದ್ದಿನ ಮಟ್ಟದ ಉಪಾಯವಲ್ಲ. ಜಪಾನಿನ ತೊಚಿಗಿ ಪ್ರಾಂತ್ಯದಲ್ಲಿ 1994ರಲ್ಲೇ ಮಲದ ಬಣ್ಣದ ಕಾರ್ಡನ್ನು ತಾಯಂದಿರ ಕೈಗೆ ಕೊಟ್ಟು ತಪಾಸಣೆ ಶುರುವಾಯಿತು. 2012ರಿಂದ ಅಲ್ಲಿನ ತಾಯಿ-ಮಗು ಪುಸ್ತಕದಲ್ಲೇ ಏಳು ಬಣ್ಣದ ಆ ಪಟ್ಟಿ ಅಚ್ಚಾಗುತ್ತದೆ. ತೈವಾನ್ 2002ರಲ್ಲಿ ಕೆಲವೆಡೆ ಪ್ರಯೋಗ ಮಾಡಿ 2004ರಲ್ಲಿ ದೇಶಕ್ಕೆಲ್ಲ ಹರಡಿತು. 60 ದಿನದೊಳಗೆ ಶಸ್ತ್ರಚಿಕಿತ್ಸೆ ಸಿಗುವ ಮಕ್ಕಳ ಪಾಲು ಅಲ್ಲಿ ಗಣನೀಯವಾಗಿ ಏರಿತು. ಕಾರ್ಡನ್ನು ಮನೆಯ ಪ್ರಿಂಟರಿನಲ್ಲಿ ಅಚ್ಚು ಹಾಕಿಕೊಂಡು ಬಳಸಬೇಡಿ, ಶಾಯಿಯ ಬಣ್ಣ ಬೇರೆಯಾಗುತ್ತದೆ. ಅದಕ್ಕಿಂತ ಅಡುಗೆಮನೆಯ ಅರಿಸಿನ, ಬೆಣ್ಣೆ, ಅಕ್ಕಿ ಹಿಟ್ಟು ನಂಬಿಕಸ್ತ.

ಹಂತ 5: ರಕ್ತಪರೀಕ್ಷೆಯನ್ನು ಹೆಸರು ಹೇಳಿ ಕೇಳಿ

“ಜಾಂಡೀಸ್ ಟೆಸ್ಟ್ ಮಾಡಿ” ಎಂದರೆ ಸಾಲದು. “ಟೋಟಲ್ ಮತ್ತು ಡೈರೆಕ್ಟ್ ಬಿಲಿರುಬಿನ್ ಎರಡೂ ಬೇಕು” ಎನ್ನಿ. ಟೋಟಲ್ ಎಂದರೆ ರಕ್ತದಲ್ಲಿರುವ ಒಟ್ಟು ಬಿಲಿರುಬಿನ್. ಡೈರೆಕ್ಟ್ ಎಂದರೆ ಲಿವರ್ ಕರಗುವಂತೆ ಮಾಡಿದ ಬಗೆ. ಕಾಂಜುಗೇಟೆಡ್ ಎಂದು ಬರೆದಿದ್ದರೂ ಹೆಚ್ಚುಕಡಿಮೆ ಅದೇ. ಟೋಟಲ್ ಒಂದನ್ನೇ ಮಾಡಿದರೆ ಯಾವ ಬಗೆಯ ಕಾಮಾಲೆ ಎಂದು ಗೊತ್ತಾಗುವುದಿಲ್ಲ. ಹಣೆಗೋ ಎದೆಗೋ ಒತ್ತಿ ಅಂಕಿ ತೋರಿಸುವ ಯಂತ್ರವೂ ಹೇಳುವುದು ಟೋಟಲನ್ನಷ್ಟೇ. ಮೊದಲ ವಾರಕ್ಕೆ ಅದು ಸರಿ, ಈ ಕೆಲಸಕ್ಕೆ ಬಾರದು.

ಮಗುವಿಗೆ ಒಂದೆರಡು ಮಿಲಿಲೀಟರ್ ರಕ್ತ ಸಾಕು, ಹಾಲು ಬಿಡಿಸುವ ಅಗತ್ಯವಿಲ್ಲ. ಬಿಲಿರುಬಿನ್ ಬೆಳಕಿಗೆ ಒಡೆಯುತ್ತದೆ. ಸ್ಯಾಂಪಲ್ ಬಿಸಿಲಲ್ಲೋ ಟ್ಯೂಬ್‌ಲೈಟ್ ಕೆಳಗೋ ಬಹಳ ಹೊತ್ತು ಕೂತರೆ ಅಂಕಿ ಕಡಿಮೆ ಬರುತ್ತದೆ. ಹಳ್ಳಿಯಲ್ಲಿ ರಕ್ತ ತೆಗೆದು ಸಂಜೆ ಬಸ್ಸಿಗೆ ಪಟ್ಟಣದ ಲ್ಯಾಬಿಗೆ ಕಳಿಸುವ ಕಡೆ ಟ್ಯೂಬಿಗೆ ಕಪ್ಪು ಕಾಗದವನ್ನೋ ಫಾಯಿಲನ್ನೋ ಸುತ್ತಲು ಹೇಳಿ. ಸಾಧ್ಯವಿದ್ದರೆ ಲ್ಯಾಬ್ ಇರುವ ಊರಿಗೇ ಹೋಗಿ ಕೊಡಿ.

ಬರೀ ತಾಯಿಹಾಲು ಕುಡಿಯುವ, ಕಕ್ಕ-ಮೂತ್ರದ ಬಣ್ಣ ಸರಿಯಿರುವ, ಪರೀಕ್ಷಿಸಿದಾಗ ಬೇರೇನೂ ಕಾಣದ ಮಗುವಿಗೆ ಕೆಲವು ವೈದ್ಯರು ಪರೀಕ್ಷೆಯನ್ನು 21ನೇ ದಿನದವರೆಗೆ ಮುಂದೂಡುವುದುಂಟು. ಅದಕ್ಕೆ ಅಂತರರಾಷ್ಟ್ರೀಯ ಮಾರ್ಗಸೂಚಿಯ ಒಪ್ಪಿಗೆಯೂ ಇದೆ. ಅದರಾಚೆಗೆ ಮುಂದೂಡಿದರೆ ಒಪ್ಪಬೇಡಿ. “ಎರಡು ದಿನ ತಾಯಿಹಾಲು ನಿಲ್ಲಿಸಿ ನೋಡಿ, ಕಾಮಾಲೆ ಇಳಿದರೆ ಅದೇ” ಎಂಬ ಹಳೆಯ ಸಲಹೆಗಿಂತ ರಕ್ತಪರೀಕ್ಷೆ ವೇಗ, ಖಚಿತ, ಮಗುವಿನ ಹಾಲೂ ತಪ್ಪುವುದಿಲ್ಲ.

ಹಂತ 6: ವರದಿ ಓದುವುದು

ನೋಡಬೇಕಾದ ಸಾಲು ಒಂದೇ: ಡೈರೆಕ್ಟ್ ಬಿಲಿರುಬಿನ್. ಅದು ಡೆಸಿಲೀಟರಿಗೆ 1 ಮಿಲಿಗ್ರಾಂ ದಾಟಿದ್ದರೆ ಸಾಮಾನ್ಯವಲ್ಲ, ಟೋಟಲ್ ಎಷ್ಟೇ ಇರಲಿ. ವಿದೇಶದಲ್ಲಿರುವ ಕನ್ನಡಿಗರ ವರದಿಗಳಲ್ಲಿ ಮೈಕ್ರೋಮೋಲ್ ಲೆಕ್ಕ ಇರುತ್ತದೆ, ಅಲ್ಲಿ ಈ ಗೆರೆ ಸುಮಾರು 17.

ಇಲ್ಲಿ ಒಂದು ಹಳೆಯ ಸೂತ್ರ ಅಡ್ಡ ಬರುತ್ತದೆ. ಡೈರೆಕ್ಟ್ ಪಾಲು ಟೋಟಲ್‌ನ ಶೇ 20 ದಾಟಿದರೆ ಮಾತ್ರ ಚಿಂತೆ ಎಂದು ಕೆಲವರು ಈಗಲೂ ಹೇಳುತ್ತಾರೆ. ಟೋಟಲ್ 9, ಡೈರೆಕ್ಟ್ 1.6 ಇರುವ ಮಗುವನ್ನು ಯೋಚಿಸಿ. ಶೇಕಡಾ ಲೆಕ್ಕದಲ್ಲಿ ಅದು 18ರ ಒಳಗೇ, ಪಾಸು. ಆದರೆ 1.6 ಎಂಬುದು ಎರಡು ವಾರ ದಾಟಿದ ಯಾವ ಮಗುವಿಗೂ ಸರಿಯಾದ ಅಂಕಿಯಲ್ಲ. ಶೇಕಡಾ ಬಿಟ್ಟು ಅಂಕಿ ನೋಡಿ.

ಡೈರೆಕ್ಟ್ 0.3ರ ಒಳಗಿದ್ದು ಕಕ್ಕದ ಬಣ್ಣ ಸರಿಯಿದ್ದರೆ ಪಿತ್ತನಾಳದ ಚಿಂತೆ ಸದ್ಯಕ್ಕಿಲ್ಲ. ನಡುವಿನ ಅಂಕಿ, ಉದಾಹರಣೆಗೆ 0.7 ಬಂದರೆ ವಾರದೊಳಗೆ ಅದೇ ಲ್ಯಾಬಿನಲ್ಲಿ ಮತ್ತೊಮ್ಮೆ ಮಾಡಿಸಿ. ಇಳಿಯುತ್ತಿದೆಯೋ ಏರುತ್ತಿದೆಯೋ ಎಂಬುದೇ ಅಲ್ಲಿ ಉತ್ತರ. ಅಮೆರಿಕದ ಟೆಕ್ಸಾಸ್‌ನಲ್ಲಿ 1.2 ಲಕ್ಷಕ್ಕೂ ಹೆಚ್ಚು ಕೂಸುಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ವ್ಯವಸ್ಥಿತವಾಗಿ ಮಾಡಿತು. ಹುಟ್ಟಿದ 60 ಗಂಟೆಯೊಳಗೆ ಒಂದು ಡೈರೆಕ್ಟ್ ಪರೀಕ್ಷೆ. ಅದು ಹೆಚ್ಚಿದ್ದವರಿಗೆ ಎರಡನೇ ವಾರದಲ್ಲಿ ಇನ್ನೊಂದು. ಎರಡನೆಯದು ಮೊದಲಿಗಿಂತ ಏರಿದ್ದರೆ ಅಥವಾ 1 ದಾಟಿದ್ದರೆ ತಜ್ಞರ ಬಳಿಗೆ. ಆ ಗುಂಪಿನಲ್ಲಿದ್ದ ಏಳೂ ಬಿಲಿಯರಿ ಅಟ್ರೀಸಿಯಾ ಮಕ್ಕಳು ಸಿಕ್ಕಿದರು. ಶಸ್ತ್ರಚಿಕಿತ್ಸೆಯ ಸರಾಸರಿ ವಯಸ್ಸು 56 ದಿನದಿಂದ 36ಕ್ಕೆ ಇಳಿಯಿತು. ಇದರಿಂದ ನಮಗೂ ಒಂದು ಲಾಭವಿದೆ. ಹೆರಿಗೆ ಆಸ್ಪತ್ರೆಯಲ್ಲೇ ಮಗುವಿಗೆ ಬಿಲಿರುಬಿನ್ ಮಾಡಿಸಿದ್ದರೆ ಆ ಚೀಟಿ ಹುಡುಕಿ, ಅದರಲ್ಲಿ ಡೈರೆಕ್ಟ್ ಎಷ್ಟಿತ್ತು ನೋಡಿ. ಡಿಸ್ಚಾರ್ಜ್ ಗಡಿಬಿಡಿಯಲ್ಲಿ ಆ ಸಾಲನ್ನು ಯಾರೂ ಓದಿರುವುದಿಲ್ಲ.

ಹಂತ 7: ಡೈರೆಕ್ಟ್ 1 ದಾಟಿದ್ದರೆ ಅದೇ ದಿನ ಮಾಡುವುದು

ಮೊದಲು ವಿಟಮಿನ್ ಕೆ. ಪಿತ್ತವಿಲ್ಲದೆ ಕರುಳು ಇದನ್ನು ಹೀರಲಾರದು; ಇದಿಲ್ಲದೆ ರಕ್ತ ಹೆಪ್ಪುಗಟ್ಟದು. ಹೊರಗೆ ಚೆನ್ನಾಗಿಯೇ ಕಾಣುವ ಮಗುವಿಗೆ ಏಕಾಏಕಿ ಮೆದುಳಿನಲ್ಲಿ ರಕ್ತಸ್ರಾವ ಆಗುವುದು ಹೀಗೆ. ಹುಟ್ಟಿದಾಗ ತೊಡೆಗೆ 1 ಮಿಲಿಗ್ರಾಂ ಇಂಜೆಕ್ಷನ್ ಆಗಿದೆಯೇ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ನೋಡಿ. ಆಗಿದ್ದರೂ ಈಗ ಮತ್ತೆ ಬೇಕೇ ಎಂದು ವೈದ್ಯರನ್ನು ಕೇಳಿ. ಪಿಟಿ-ಐಎನ್‌ಆರ್ ಎಂಬ ಹೆಪ್ಪುಗಟ್ಟುವಿಕೆಯ ಪರೀಕ್ಷೆಯೂ ಆಗಬೇಕು. ಮೂಗಿನಲ್ಲಿ, ಹೊಕ್ಕುಳಲ್ಲಿ, ಇಂಜೆಕ್ಷನ್ ಚುಚ್ಚಿದ ಕಡೆ ರಕ್ತ ಒಸರಿದರೆ, ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆ ಎದ್ದರೆ, ಮಗು ಮಂಕಾಗಿ ಹಾಲು ಬಿಟ್ಟರೆ, ನೆತ್ತಿ ಉಬ್ಬಿದರೆ ರಾತ್ರಿಯಾದರೂ ತುರ್ತು ವಿಭಾಗಕ್ಕೆ ಓಡಬೇಕು.

ಎರಡನೆಯದು, ಬೇಗ ಚಿಕಿತ್ಸೆ ಬೇಕಾದ ಬೇರೆ ಕಾರಣಗಳನ್ನು ತಳ್ಳಿಹಾಕುವುದು: ರಕ್ತದ ಸೋಂಕು, ಮೂತ್ರದ ಸೋಂಕು, ಥೈರಾಯ್ಡ್ ಕೊರತೆ, ಹಾಲಿನ ಸಕ್ಕರೆ ಅರಗದ ಗ್ಯಾಲಕ್ಟೋಸೀಮಿಯಾ. ಈ ಪರೀಕ್ಷೆಗಳು ಸ್ಥಳೀಯವಾಗಿ ಆಗಲಿ. ಆದರೆ ಎಲ್ಲ ವರದಿ ಬಂದ ಮೇಲೆ ಹೊರಡೋಣ ಎಂದು ಕೂರಬೇಡಿ. ಸೋಂಕುಗಳ ಉದ್ದನೆಯ ಪ್ಯಾನೆಲ್ ಒಂದಕ್ಕೆ ವಾರ ಕಾದು, ಅದರಲ್ಲಿ ಏನೋ ಒಂದು ಪಾಸಿಟಿವ್ ಬಂದು, ಅದಕ್ಕೆ ಇನ್ನೆರಡು ವಾರ ಔಷಧಿ ಕೊಟ್ಟು ನೋಡುವುದರಲ್ಲಿ 60 ದಾಟುತ್ತದೆ. ಸೋಂಕು ಇದೆ ಎಂದಾಕ್ಷಣ ಪಿತ್ತನಾಳ ತೆರೆದಿದೆ ಎಂದಾಗುವುದಿಲ್ಲ.

ಮೂರನೆಯದು ರೆಫರಲ್. ಹೋಗಬೇಕಾದ್ದು ಮಕ್ಕಳ ಲಿವರ್ ತಜ್ಞರು ಮತ್ತು ಮಕ್ಕಳ ಸರ್ಜನ್ ಇಬ್ಬರೂ ಇರುವ ಆಸ್ಪತ್ರೆಗೆ. ಸರ್ಕಾರಿ ವಲಯದಲ್ಲಿ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ. ಕೆಲವು ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲೂ ಮಕ್ಕಳ ಶಸ್ತ್ರಚಿಕಿತ್ಸಾ ವಿಭಾಗವಿದೆ. ಹೊರಡುವ ಮುಂಚೆ ಫೋನ್ ಮಾಡಿ, ಅಲ್ಲಿ ಕಸಾಯ್ ಶಸ್ತ್ರಚಿಕಿತ್ಸೆ (ಪಿತ್ತಕ್ಕೆ ಹೊಸ ದಾರಿ ಮಾಡಿಕೊಡುವ, ಮೊದಲೇ ಹೇಳಿದ ಆ ಶಸ್ತ್ರಚಿಕಿತ್ಸೆ) ಮಾಡುತ್ತಾರೆಯೇ ಎಂದು ನೇರವಾಗಿ ಕೇಳಿ. ಬಿಪಿಎಲ್ ಕಾರ್ಡ್ ಇರುವವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಗಾಗಿ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಮೊದಲೇ ಪಡೆಯಿರಿ. ಉಳಿದದ್ದನ್ನು ಆಸ್ಪತ್ರೆಯ ಆರೋಗ್ಯ ಮಿತ್ರ ಹೇಳುತ್ತಾರೆ. ಪತ್ರದಲ್ಲಿ “ಕಾಮಾಲೆ” ಎಂದಷ್ಟೇ ಬರೆದರೆ ಹೊರರೋಗಿ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. “ಡೈರೆಕ್ಟ್ ಬಿಲಿರುಬಿನ್ ಇಷ್ಟು, ಮಲ ಬಿಳಿ, ವಯಸ್ಸು ಇಷ್ಟು ದಿನ, ಬಿಲಿಯರಿ ಅಟ್ರೀಸಿಯಾ ಶಂಕೆ, ತುರ್ತು” ಎಂದು ಬರೆಸಿಕೊಳ್ಳಿ. ವಯಸ್ಸು ದಿನದಲ್ಲೇ ಇರಲಿ. “ಒಂದೂವರೆ ತಿಂಗಳು” ಎಂದರೆ ಯಾರಿಗೂ ಆತುರ ಹುಟ್ಟುವುದಿಲ್ಲ, “47 ದಿನ” ಎಂದರೆ ಹುಟ್ಟುತ್ತದೆ.

ಈ ದಿನಗಳಲ್ಲಿ ಮಾಡಬಾರದ್ದು: ಎಳೆಬಿಸಿಲು ಕಾಯಿಸುತ್ತಾ ಕೂರುವುದು. ಬಿಸಿಲಾಗಲಿ ನೀಲಿ ಲೈಟಾಗಲಿ ಕೆಲಸ ಮಾಡುವುದು ಕರಗದ ಬಗೆಯ ಮೇಲೆ ಮಾತ್ರ. ಡೈರೆಕ್ಟ್ ಹೆಚ್ಚಿರುವ ಮಗುವನ್ನು ಲೈಟಿನ ಕೆಳಗಿಟ್ಟರೆ ಮೈ ಕಂಚಿನ ಬಣ್ಣಕ್ಕೆ ತಿರುಗುವುದೂ ಉಂಟು. ಸೊಪ್ಪಿನ ರಸ, ಮೂಗಿಗೆ ಹನಿ, ನಾಟಿ ಔಷಧಿ ಬೇಡ, ಕೆಟ್ಟಿರುವ ಲಿವರಿಗೆ ಅದು ಇನ್ನೊಂದು ಹೊರೆ. ಬರೆ ಹಾಕಿಸುವುದಂತೂ ಕೂಸಿಗೆ ಕೊಡುವ ಹಿಂಸೆ, ಸೋಂಕಿಗೆ ಬಾಗಿಲು. ತಾಯಿಹಾಲನ್ನು ನೀವಾಗಿ ನಿಲ್ಲಿಸಬೇಡಿ.

ಹಂತ 8: ದೊಡ್ಡ ಆಸ್ಪತ್ರೆಯಲ್ಲಿ ಏನೇನು ನಡೆಯುತ್ತದೆ

ಹೊಟ್ಟೆಯ ಅಲ್ಟ್ರಾಸೌಂಡ್ ಮೊದಲು. ಮಗು ಸುಮಾರು 4 ಗಂಟೆ ಹಾಲು ಕುಡಿದಿರಬಾರದು, ಆಗಲೇ ಪಿತ್ತಕೋಶ ತುಂಬಿ ಕಾಣುವುದು. ಹಾಲು ಕುಡಿದಿದ್ದರೆ ಆರೋಗ್ಯವಂತ ಪಿತ್ತಕೋಶವೂ ಕುಗ್ಗಿ ಕಾಣೆಯಾಗಿ ವರದಿ ಹಾದಿ ತಪ್ಪಿಸುತ್ತದೆ. ಕೊನೆಯ ಹಾಲು ಎಷ್ಟು ಹೊತ್ತಿಗೆ ಎಂದು ಬರೆದುಕೊಂಡು ಹೋಗಿ. ನೆನಪಿಡಿ, ಸ್ಕ್ಯಾನ್ ನಾರ್ಮಲ್ ಎಂದಾಕ್ಷಣ ಕಾಯಿಲೆ ಇಲ್ಲವೆಂದಲ್ಲ. ಕಕ್ಕ ಬಿಳಿಯಿದ್ದು ಸ್ಕ್ಯಾನ್ ಸರಿಯಿದೆ ಎಂದು ಮನೆಗೆ ಕಳಿಸಿದರೆ ಎರಡನೇ ಅಭಿಪ್ರಾಯ ಕೇಳಿ.

ಜಿಜಿಟಿ ಎಂಬ ಲಿವರ್ ಕಿಣ್ವ ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಬಹಳ ಏರಿರುತ್ತದೆ. ಹೈಡಾ ಸ್ಕ್ಯಾನ್ ಎಂಬುದೊಂದಿದೆ. ಸಣ್ಣ ಪ್ರಮಾಣದ ವಿಕಿರಣ ವಸ್ತುವನ್ನು ರಕ್ತಕ್ಕೆ ಬಿಟ್ಟು ಅದು ಪಿತ್ತದ ಜೊತೆ ಕರುಳಿಗೆ ಇಳಿಯುತ್ತದೆಯೇ ಎಂದು ನೋಡುತ್ತಾರೆ. ಇಳಿದರೆ ನಾಳ ತೆರೆದಿದೆ. ಇಳಿಯದಿದ್ದರೆ ನಾಳವೇ ಮುಚ್ಚಿದೆ ಎಂದು ಹೇಳಲಾಗದು, ಲಿವರ್ ಸೋತಿದ್ದರೂ ಹಾಗಾಗುತ್ತದೆ. ಇದಕ್ಕೆ ಮುಂಚೆ ಐದು ದಿನ ಫೀನೋಬಾರ್ಬಿಟೋನ್ ಔಷಧಿ ಕೊಡುವ ಪದ್ಧತಿಯಿದೆ. 30ನೇ ದಿನ ಬಂದ ಮಗುವಿಗೆ ಐದು ದಿನ ದೊಡ್ಡದಲ್ಲ, 54ನೇ ದಿನ ಬಂದ ಮಗುವಿಗೆ ಬಹಳ ದೊಡ್ಡದು. ಅಂಥ ಹೊತ್ತಿನಲ್ಲಿ ಅನುಭವಿ ತಂಡ ಇದನ್ನು ಬಿಟ್ಟು ನೇರವಾಗಿ ಲಿವರ್ ಬಯಾಪ್ಸಿಗೆ ಹೋಗುತ್ತದೆ. ಸೂಜಿಯಿಂದ ಲಿವರಿನ ಸಣ್ಣ ಎಳೆ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ ಅದು.

ಕೊನೆಯ ತೀರ್ಪು ಬರುವುದು ಆಪರೇಷನ್ ಟೇಬಲಿನ ಮೇಲೆ. ಪಿತ್ತಕೋಶಕ್ಕೆ ಬಣ್ಣದ ದ್ರವ ಬಿಟ್ಟು ಎಕ್ಸ್-ರೇ ತೆಗೆಯುತ್ತಾರೆ. ದ್ರವ ಲಿವರ್ ಕಡೆಗೂ ಕರುಳಿನ ಕಡೆಗೂ ಹರಿದರೆ ಹೊಟ್ಟೆ ಮುಚ್ಚಿ ಹೊರತರುತ್ತಾರೆ. ಹರಿಯದಿದ್ದರೆ ಅಲ್ಲೇ ಕಸಾಯ್ ಶಸ್ತ್ರಚಿಕಿತ್ಸೆ. ಹೆಸರು ಕೇಳಿ ಬೆಚ್ಚಬೇಡಿ, ಅದು 1950ರ ದಶಕದಲ್ಲಿ ಇದನ್ನು ರೂಪಿಸಿದ ಜಪಾನಿನ ಸೆಂಡೈ ನಗರದ ಸರ್ಜನ್ ಮೊರಿಯೋ ಕಸಾಯ್ ಅವರ ಮನೆತನದ ಹೆಸರು. ಗಟ್ಟಿಯಾದ ನಾಳವನ್ನು ಕತ್ತರಿಸಿ ತೆಗೆದು, ಸಣ್ಣಕರುಳಿನ ಒಂದು ತುದಿಯನ್ನು ಮೇಲೆತ್ತಿ ಲಿವರಿನ ಬಾಯಿಗೇ ಹೊಲಿಯುತ್ತಾರೆ. ಫಲಿಸಿದರೆ ಕೆಲವೇ ವಾರಗಳಲ್ಲಿ ಕಕ್ಕಕ್ಕೆ ಬಣ್ಣ ಬರುತ್ತದೆ, ಕೆಲವು ತಿಂಗಳಲ್ಲಿ ಕಾಮಾಲೆ ಇಳಿಯುತ್ತದೆ. ಆಮೇಲೂ ಮಗುವಿಗೆ ಜ್ವರ ಬಂದರೆ ಮನೆಯಲ್ಲಿ ಪ್ಯಾರಾಸಿಟಮಾಲ್ ಕೊಟ್ಟು ಕೂರುವಂತಿಲ್ಲ. ಹೊಸ ದಾರಿಯಲ್ಲಿ ಸೋಂಕು ಏರಿರಬಹುದು, ಅದಕ್ಕೆ ಆಸ್ಪತ್ರೆಯಲ್ಲೇ ಆ್ಯಂಟಿಬಯೋಟಿಕ್ ಬೇಕು.

ಮತ್ತೆ ಮತ್ತೆ ಬರುವ ಎರಡು ಪ್ರಶ್ನೆ

ಪರೀಕ್ಷೆ ಎಲ್ಲ ಸರಿ ಬಂತು, ಎಲ್ಲಿಯವರೆಗೆ ಕಕ್ಕ ನೋಡುತ್ತಿರಬೇಕು? ನಾಲ್ಕು ತಿಂಗಳು ತುಂಬುವವರೆಗೆ ನೋಡಿ. ಮೊದಲ ತಿಂಗಳು ದಿನವೂ, ಆಮೇಲೆ ವಾರಕ್ಕೆರಡು ಸಲ ಸಾಕು. ಮಗುವಿಗೆ ಹೃದಯದ ಹುಟ್ಟು ದೋಷವಿದ್ದರೆ ಅಥವಾ ಹೊಟ್ಟೆಯ ಅಂಗಗಳು ಎಡಬಲ ಬದಲಾಗಿವೆ ಎಂದು ಸ್ಕ್ಯಾನಿನಲ್ಲಿ ಬಂದಿದ್ದರೆ ಇನ್ನೂ ಎಚ್ಚರ ಬೇಕು. ಈ ಕಾಯಿಲೆಯ ಒಂದು ಸಣ್ಣ ಗುಂಪು ಅಂಥ ದೋಷಗಳ ಜೊತೆಗೇ ಬರುತ್ತದೆ.

ನಮ್ಮ ಮಗುವಿಗೆ ಈಗಾಗಲೇ 75 ದಿನ, ಇನ್ನು ಪ್ರಯೋಜನವಿಲ್ಲವೇ? ಇದೆ. 60 ಎಂಬುದು ಬಾಗಿಲು ಮುಚ್ಚುವ ದಿನವಲ್ಲ, ಫಲ ಸಿಗುವ ಸಾಧ್ಯತೆ ಕಡಿಮೆಯಾಗುತ್ತಾ ಹೋಗುವ ದಾರಿಯ ಒಂದು ಮೈಲಿಗಲ್ಲು. ಲಿವರ್ ಇನ್ನೂ ತೀರಾ ಗಟ್ಟಿಯಾಗಿಲ್ಲ, ಹೊಟ್ಟೆಯಲ್ಲಿ ನೀರು ತುಂಬಿಲ್ಲ ಎಂದಾದರೆ 90 ದಿನದ ಆಸುಪಾಸಿನಲ್ಲೂ ಕಸಾಯ್ ಮಾಡುವ ತಂಡಗಳಿವೆ. ಅದು ಆಗದ, ಆಗಿಯೂ ಫಲಿಸದ ಮಕ್ಕಳಿಗೆ ಲಿವರ್ ಕಸಿ ಉಳಿಯುತ್ತದೆ. ಅಪ್ಪನದೋ ಅಮ್ಮನದೋ ಲಿವರಿನ ಒಂದು ಭಾಗ ತೆಗೆದು ಕೂಡಿಸಬಹುದು. 1998ರಲ್ಲಿ ದೆಹಲಿಯಲ್ಲಿ ಭಾರತದ ಮೊದಲ ಯಶಸ್ವಿ ಮಕ್ಕಳ ಲಿವರ್ ಕಸಿ ನಡೆದದ್ದು ಇದೇ ಕಾಯಿಲೆಯ ಮಗುವಿಗೆ, ಕೊಟ್ಟದ್ದು ಅಪ್ಪ. ಹಾಗಾಗಿ ತಡವಾಯಿತೆಂದು ಕೈಚೆಲ್ಲಿ ಕೂರದೆ, ಇವತ್ತಿನ ದಿನದ ಲೆಕ್ಕವನ್ನೇ ಚೀಟಿಯಲ್ಲಿ ಬರೆಸಿಕೊಂಡು ನಾಳೆ ಬೆಳಗಿನ ಮೊದಲ ಬಸ್ಸು ಹಿಡಿಯಿರಿ.